ಹೊಸ ಫ್ಲ್ಯಾಶ್ ಚಿಪ್, ಹಳೆಯ ಪ್ರಶ್ನೆ: ನೀನು ಯಾರು?

ಬೋರ್ಡಿನ ವಿನ್ಯಾಸ ಬದಲಾಗಿಲ್ಲ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬದಲಾಗಿಲ್ಲ. ಕರೆಂಟ್ ಹೋದರೂ ದತ್ತಾಂಶ ಉಳಿಸಿಕೊಳ್ಳುವ ಹಳೆಯ ಫ್ಲ್ಯಾಶ್ ಚಿಪ್‌ನ ತಯಾರಿಕೆ ನಿಂತಿತೆಂದು ಅದೇ ಅಳತೆಯ, ಅದೇ ಎಂಟು ಕಾಲಿನ ಇನ್ನೊಂದು ಚಿಪ್ ಕೂರಿಸಿದ್ದಾರೆ, ಅಷ್ಟೇ. ಕರೆಂಟ್ ಕೊಟ್ಟರೆ ಬೂಟ್‌ಲೋಡರ್ ಓಡುತ್ತದೆ, ಲಿನಕ್ಸ್ ಕರ್ನಲ್ ಏಳುತ್ತದೆ. ಆಮೇಲೆ ಮೂರು ಬೈಟ್‌ಗಳನ್ನು ತೋರಿಸಿ ‘ಈ ಜೆಡೆಕ್ ಐಡಿ ಗುರುತು ಸಿಗುತ್ತಿಲ್ಲ’ ಎಂಬರ್ಥದ ಒಂದು ಸಾಲು ಮೂಡುತ್ತದೆ. ಜೆಡೆಕ್ ಎಂದರೆ ಚಿಪ್‌ಗಳ ಮಾನದಂಡ ರೂಪಿಸುವ ಸಂಸ್ಥೆ, ಐಡಿ ಎಂದರೆ ಚಿಪ್ ತನ್ನ ಗುರುತಾಗಿ ಹೇಳುವ ಆ ಬೈಟ್‌ಗಳು. ಫೈಲ್‌ಸಿಸ್ಟಮ್ ಸಿಗದೆ ಎಲ್ಲವೂ ಅಲ್ಲೇ ನಿಲ್ಲುತ್ತದೆ.

ಪರಿಹಾರ ಬಹಳ ಸಲ ಒಂದೇ ಸಾಲು: ಕರ್ನಲ್‌ನಲ್ಲಿ ಚಿಪ್ಪನ್ನು ನಡೆಸುವ ಡ್ರೈವರ್‌ನೊಳಗಿನ ಕೋಷ್ಟಕಕ್ಕೆ ಹೊಸ ಚಿಪ್‌ನ ಐಡಿ, ಗಾತ್ರ, ಸಾಮರ್ಥ್ಯಗಳನ್ನು ಸೇರಿಸುವುದು. ಆದರೆ ಆ ಒಂದು ಸಾಲಿನ ಪ್ಯಾಚ್ (ತಿದ್ದುಪಡಿ) ಕಳಿಸಿದವರಿಗೆ ಕರ್ನಲ್‌ನ ಉಸ್ತುವಾರಿ ನೋಡುವ ಮೇಂಟೇನರ್‌ಗಳು ಸಾಲು ಸಾಲು ಪ್ರಶ್ನೆ ಕೇಳುತ್ತಾರೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ತನಿಖೆಯೇ ಎಂದು ಬೇಸರವಾಗುವುದು ಸಹಜ. ನನ್ನ ಮಟ್ಟಿಗೆ ಆ ಪ್ರಶ್ನೆಗಳು ಒಂದೂ ಹೆಚ್ಚಲ್ಲ. ಒಂದೊಂದರ ಹಿಂದೆಯೂ ಹಿಂದೆಂದೋ ಯಾವುದೋ ಚಿಪ್ ಕೊಟ್ಟ ಪೆಟ್ಟಿದೆ.

ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟಿದ್ದು 1984ರಲ್ಲಿ. ಅದರ ಮೂಲ ಗುಣ ಇವತ್ತಿಗೂ ಬದಲಾಗಿಲ್ಲ. ಬರೆಯುವುದೆಂದರೆ 1 ಇದ್ದ ಬಿಟ್ಟನ್ನು 0 ಮಾಡುವುದು. 0 ಮತ್ತೆ 1 ಆಗಬೇಕಾದರೆ ಆ ಬಿಟ್ ಒಂದನ್ನೇ ಮುಟ್ಟುವಂತಿಲ್ಲ, ಅದಿರುವ ಇಡೀ ಬ್ಲಾಕನ್ನು ಅಳಿಸಬೇಕು. ಆ ಬ್ಲಾಕ್ ಎಷ್ಟು ದೊಡ್ಡದು, ಅಳಿಸಲು ಯಾವ ಆಜ್ಞೆ, ಒಂದು ಸಲಕ್ಕೆ ಎಷ್ಟು ಬೈಟ್ ಬರೆಯಬಹುದು ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ. 4 ಕಿಲೋಬೈಟ್ ಅಳಿಸುತ್ತಿದ್ದೇನೆ ಎಂದು ಡ್ರೈವರ್ ಅಂದುಕೊಂಡು, ಚಿಪ್ 64 ಕಿಲೋಬೈಟ್ ಅಳಿಸಿದರೆ ಅಕ್ಕಪಕ್ಕದ ದತ್ತಾಂಶವೂ ಹೋಯಿತು. ಯಾವ ದೋಷಸಂದೇಶವೂ ಬರುವುದಿಲ್ಲ.

ಹಾಗಾಗಿ ಡ್ರೈವರ್ ಮೊದಲು ಕೇಳುವುದು ‘ನೀನು ಯಾರು?’ ಎಂದು. ಹಲವು ತಂತಿಗಳಲ್ಲಿ ಒಟ್ಟಿಗೆ ದತ್ತಾಂಶ ಸಾಗಿಸುವ, ಕಾಲು ತುಂಬಿದ ಹಳೆಯ ಪ್ಯಾರಲಲ್ ನಾರ್ (ಫ್ಲ್ಯಾಶ್‌ನ ಒಂದು ಬಗೆ) ಚಿಪ್‌ಗಳ ಕಾಲದಲ್ಲಿ ಇಂಟೆಲ್‌ನ ಆಜ್ಞೆಗಳೇ ಬೇರೆ, ಎಎಂಡಿಯ ಆಜ್ಞೆಗಳೇ ಬೇರೆ. ಲಿನಕ್ಸ್‌ನಲ್ಲಿ ಆ ಎರಡು ಮನೆತನಗಳಿಗೆ ಇವತ್ತಿಗೂ ಪ್ರತ್ಯೇಕ ಕಡತಗಳಿವೆ. 1990ರ ದಶಕದಲ್ಲಿ ಬಂದ ಸಿಎಫ್‌ಐ ಎಂಬ ಒಪ್ಪಂದ ಈ ಗೋಜಲನ್ನು ಒಂದಿಷ್ಟು ಬಿಡಿಸಿತು. ನಿಗದಿತ ವಿಳಾಸಕ್ಕೆ 98 ಎಂಬ ಹೆಕ್ಸ್ (ಹದಿನಾರರ ಲೆಕ್ಕದ) ಆಜ್ಞೆ ಬರೆದರೆ ಚಿಪ್ ‘ಕ್ಯೂ, ಆರ್, ವೈ’ ಎಂಬ ಮೂರಕ್ಷರಗಳೊಂದಿಗೆ ತನ್ನ ಗಾತ್ರ, ಬ್ಲಾಕ್‌ಗಳ ವಿವರ, ಒಪ್ಪುವ ಆಜ್ಞೆಗಳ ಗುಂಪು ಎಲ್ಲವನ್ನೂ ಹೇಳುತ್ತದೆ. ಕೋಷ್ಟಕವೇ ಬೇಡದ ದಿನ ಬಂತು ಎಂದು ಆಗ ನಂಬಿದ್ದರೆ ತಪ್ಪಿರಲಿಲ್ಲ.

ಆದರೆ ಬಂದದ್ದು ಎಸ್‌ಪಿಐ ನಾರ್, ದತ್ತಾಂಶವನ್ನು ಬಿಟ್ ಬಿಟ್ಟಾಗಿ ಸಾಗಿಸುವ ಫ್ಲ್ಯಾಶ್. ನಲವತ್ತಕ್ಕೂ ಹೆಚ್ಚು ಕಾಲುಗಳ ಜಾಗದಲ್ಲಿ ಎಂಟೇ ಕಾಲು. ಅಗ್ಗ, ಸಣ್ಣದು, ರೂಟರ್‌ನಿಂದ ಹಿಡಿದು ಕಂಪ್ಯೂಟರ್‌ನ ಬಯೋಸ್‌ವರೆಗೆ ಎಲ್ಲೆಡೆ ಹೊಕ್ಕಿತು. ತನ್ನ ಬಗ್ಗೆ ಹೇಳಿಕೊಳ್ಳುವ ವಿಷಯದಲ್ಲಿ ಮಾತ್ರ ಅದು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. 9ಎಫ್ ಆಜ್ಞೆ ಕೊಟ್ಟರೆ ಮೂರು ಬೈಟ್ ಉತ್ತರ, ಅಷ್ಟೇ. ‘ಇಎಫ್ 40 18’ ಎಂದರೆ ಇಎಫ್ ವಿನ್‌ಬಾಂಡ್ ಕಂಪನಿ, 40 ಚಿಪ್‌ನ ಬಗೆ, 18 ಗಾತ್ರ. ಹೆಕ್ಸ್‌ನ 18 ನಮ್ಮ 24, ಎರಡರ 24ನೇ ಘಾತವೆಂದರೆ 16 ಮೆಗಾಬೈಟ್. ಉಳಿದದ್ದೆಲ್ಲ ತಯಾರಕರ ವಿವರಪತ್ರವಾದ ಡೇಟಾಶೀಟ್ ಓದಿ ಮನುಷ್ಯರೇ ಕೋಷ್ಟಕದಲ್ಲಿ ಬರೆಯಬೇಕು.

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ 2006ರ ಹೊತ್ತಿಗೆ ಬಂದ ಡ್ರೈವರ್‌ನ ಹೆಸರು ಎಂ25ಪಿ80. ಎಸ್‌ಟಿ ಕಂಪನಿಯ 1 ಮೆಗಾಬೈಟ್‌ನ ಒಂದು ಚಿಪ್‌ನ ಹೆಸರು ಅದು. ವರ್ಷ ಕಳೆದಂತೆ ಹತ್ತಾರು ಕಂಪನಿಗಳ ಚಿಪ್‌ಗಳು ಆ ಹೆಸರಿನಡಿ ಬಂದು ಕೂತವು. 2014ರಲ್ಲಿ, 3.16ನೇ ಆವೃತ್ತಿಯಲ್ಲಿ, ಚಿಪ್‌ಗೆ ಸಂಬಂಧಿಸಿದ್ದನ್ನು ಬೇರ್ಪಡಿಸಿ ಎಸ್‌ಪಿಐ ನಾರ್ ಎಂಬ ಪ್ರತ್ಯೇಕ ಚೌಕಟ್ಟು ಕಟ್ಟಿದರು. ಹೆಸರು ಬದಲಾಯಿತು, ಕೋಷ್ಟಕ ಮಾತ್ರ ಬೆಳೆಯುತ್ತಲೇ ಹೋಯಿತು.

ಮೊದಲ ಪೆಟ್ಟು ವಿಳಾಸದ್ದು. ಹಳೆಯ ಆಜ್ಞೆಗಳಲ್ಲಿ ವಿಳಾಸಕ್ಕೆ ಮೂರೇ ಬೈಟ್. ಅದರಿಂದ ಮುಟ್ಟಬಹುದಾದದ್ದು 16 ಮೆಗಾಬೈಟ್, ಅದರಾಚೆ ಒಂದು ಬೈಟೂ ಇಲ್ಲ. 32 ಮೆಗಾಬೈಟ್‌ನ ಚಿಪ್‌ಗಳು ಬಂದಾಗ ತಯಾರಕರು ಮುಖ್ಯವಾಗಿ ಎರಡು ದಾರಿ ಹಿಡಿದರು. ಒಂದು, ಬಿ7 ಎಂಬ ಆಜ್ಞೆ ಕೊಟ್ಟು ಇಡೀ ಚಿಪ್ಪನ್ನು ನಾಲ್ಕು ಬೈಟ್ ವಿಳಾಸಕ್ಕೆ ಬದಲಿಸುವುದು. ಇನ್ನೊಂದು, ನಾಲ್ಕು ಬೈಟ್‌ಗೆಂದೇ ಹೊಸ ಆಜ್ಞೆಗಳನ್ನು ಕೊಡುವುದು: ಓದಲು 03ರ ಬದಲು 13. ಮೊದಲನೆಯ ದಾರಿಯಲ್ಲಿ ಒಂದು ಹೊಂಡವಿದೆ. ಚಿಪ್ ಆ ಸ್ಥಿತಿಯಲ್ಲಿದ್ದಾಗ ವ್ಯವಸ್ಥೆ ಸಿಕ್ಕಿಬಿದ್ದು, ಹಾಗೆ ನಿಂತದ್ದನ್ನು ಮತ್ತೆ ಎಬ್ಬಿಸುವ ವಾಚ್‌ಡಾಗ್‌ನಿಂದ ರೀಸೆಟ್ ಆಯಿತೆನ್ನಿ. ಪ್ರೊಸೆಸರ್ ಹೊಸದಾಗಿ ಶುರುಮಾಡುತ್ತದೆ. ಫ್ಲ್ಯಾಶ್‌ಗೆ ರೀಸೆಟ್ ತಂತಿ ಎಳೆದಿಲ್ಲದಿದ್ದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಪ್ರೊಸೆಸರ್‌ನಲ್ಲಿ ಮೊದಲು ಓಡುವ ಬೂಟ್ ರೋಮ್ ಮೂರು ಬೈಟ್ ವಿಳಾಸ ಕಳಿಸುತ್ತದೆ, ಚಿಪ್ ನಾಲ್ಕನೆಯದಕ್ಕೆ ಕಾಯುತ್ತದೆ. ಬರುವ ಉತ್ತರ ಕಸ. ಯಾರಾದರೂ ಹೋಗಿ ಕರೆಂಟ್ ತೆಗೆದು ಹಾಕುವವರೆಗೆ ಬೋರ್ಡ್ ಏಳುವುದಿಲ್ಲ. ಕೈಗೆಟುಕದ ಕಂಬದ ಮೇಲೆ ಕೂತ ಸಾಧನಕ್ಕೆ ಇದು ಮರಣವೇ. ಸರಿಯಾಗಿ ಶಟ್‌ಡೌನ್ ಆದರೆ ಕರ್ನಲ್ ಚಿಪ್ಪನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಏಕಾಏಕಿ ಕುಸಿದಾಗ ಆ ಅವಕಾಶವೇ ಇರುವುದಿಲ್ಲ. ರೀಸೆಟ್ ತಂತಿಯಿಲ್ಲದ ಬೋರ್ಡ್‌ಗಳು ಅದನ್ನು ಡಿವೈಸ್ ಟ್ರೀಯಲ್ಲೇ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ವಿವರಪಟ್ಟಿ) ಒಪ್ಪಿಕೊಳ್ಳಲು ಒಂದು ಗುಣಲಕ್ಷಣ ಸೇರಿಸಬೇಕಾಯಿತು. ಆದ್ದರಿಂದ ಹೊಸ ಚಿಪ್‌ಗೆ ನಾಲ್ಕು ಬೈಟ್‌ನ ಸ್ವಂತ ಆಜ್ಞೆಗಳಿವೆಯೇ ಎಂಬುದು ಕುತೂಹಲದ ಪ್ರಶ್ನೆಯಲ್ಲ.

ಎರಡನೆಯ ಪೆಟ್ಟು ವೇಗದ ಆಸೆಯಿಂದ ಬಂದದ್ದು. ಬರಹರಕ್ಷಣೆಗೂ ತಡೆಹಿಡಿಯಲಿಕ್ಕೂ ಇದ್ದ ಎರಡು ಕಾಲುಗಳನ್ನು ದತ್ತಾಂಶಕ್ಕೆ ಬಿಟ್ಟುಕೊಟ್ಟರೆ ಒಂದರ ಬದಲು ನಾಲ್ಕು ತಂತಿಯಲ್ಲಿ ಓದಬಹುದು. ಅದಕ್ಕೆ ಕ್ವಾಡ್ ಬಿಟ್ ಒಂದನ್ನು 1 ಮಾಡಬೇಕು. ಮ್ಯಾಕ್ರೋನಿಕ್ಸ್ ಕಂಪನಿ ಅದನ್ನು ಚಿಪ್‌ನ ಸ್ಥಿತಿ ತೋರಿಸುವ ಮೊದಲ ಸ್ಟೇಟಸ್ ರಿಜಿಸ್ಟರ್‌ನ 6ನೇ ಬಿಟ್‌ನಲ್ಲಿ ಇಟ್ಟಿತು, ವಿನ್‌ಬಾಂಡ್ ಎರಡನೆಯ ರಿಜಿಸ್ಟರ್‌ನ 1ನೇ ಬಿಟ್‌ನಲ್ಲಿ. ವಿನ್‌ಬಾಂಡ್‌ನಲ್ಲಿ ಮೊದಲ ರಿಜಿಸ್ಟರ್‌ನ 6ನೇ ಬಿಟ್ ಬರಹರಕ್ಷಣೆಗೆ ಸೇರಿದ್ದು. ಒಬ್ಬರ ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ ಬೇರೆಯದೇ ಬಾಗಿಲು ಮುಚ್ಚುತ್ತದೆ. ಅದೂ ಸಾಲದೆಂಬಂತೆ, ಕೆಲವು ಚಿಪ್‌ಗಳಲ್ಲಿ ಮೊದಲ ರಿಜಿಸ್ಟರ್‌ಗೆ ಒಂದೇ ಬೈಟ್ ಬರೆದರೆ ಎರಡನೆಯದು ತಾನಾಗಿ ಸೊನ್ನೆಯಾಗುತ್ತದೆ.

ಇಷ್ಟೆಲ್ಲ ಆದಮೇಲೆ, 2011ರಲ್ಲಿ, ಜೆಡೆಕ್ ಸಂಸ್ಥೆ ಜೆಇಎಸ್‌ಡಿ216 ಎಂಬ ಮಾನದಂಡ ಹೊರತಂದಿತು. ಸಿಎಫ್‌ಐನ ಹಳೆಯ ಯೋಚನೆಯೇ ಎಸ್‌ಪಿಐ ಲೋಕಕ್ಕೆ ಮರಳಿ ಬಂತು. 5ಎ ಆಜ್ಞೆ ಕೊಟ್ಟರೆ ಚಿಪ್ ‘ಎಸ್‌ಎಫ್‌ಡಿಪಿ’ ಎಂಬ ನಾಲ್ಕಕ್ಷರದ ಸಹಿಯೊಂದಿಗೆ ತನ್ನ ವಿವರಗಳ ಪಟ್ಟಿ ಕೊಡುತ್ತದೆ. ಮೊದಲ ಆವೃತ್ತಿಯ ಮೂಲ ಪಟ್ಟಿಯಲ್ಲಿ 32 ಬಿಟ್‌ನ 9 ಪದಗಳಷ್ಟೇ (ಮಾಹಿತಿಯ ತುಂಡುಗಳು) ಇದ್ದವು. ಕ್ವಾಡ್ ಬಿಟ್ ಎಲ್ಲಿದೆ ಎಂಬುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. 2013ರ ಪರಿಷ್ಕರಣೆಯಲ್ಲಿ ಪದಗಳು 16 ಆದವು, ಕ್ವಾಡ್ ಬಿಟ್‌ನ ವಿಳಾಸವೂ ಸೇರಿತು. ನಡುವಿನ ವರ್ಷಗಳಲ್ಲಿ ತಯಾರಾದ ಚಿಪ್‌ಗಳು ಅರ್ಧ ಮಾತಾಡುತ್ತವೆ.

ಗುರುತೂ ಪೂರ್ತಿ ನಂಬುವಂಥದ್ದಲ್ಲ. ಮ್ಯಾಕ್ರೋನಿಕ್ಸ್ ಎಂಎಕ್ಸ್25ಎಲ್25635 ಚಿಪ್‌ನ ‘ಇ’ ಮತ್ತು ‘ಎಫ್’ ಆವೃತ್ತಿಗಳಿಗೆ ಒಂದೇ ಐಡಿ. ನಾಲ್ಕು ಬೈಟ್‌ನ ಆಜ್ಞೆಗಳು ಇರುವುದು ‘ಎಫ್’ಗೆ ಮಾತ್ರ. ಐಡಿ ನೋಡಿ ಬೇರ್ಪಡಿಸಲಾಗದೆ, ಎಸ್‌ಎಫ್‌ಡಿಪಿ ಪಟ್ಟಿಯಲ್ಲಿ ಮತ್ತೊಂದು ಓದುವ ವಿಧಾನದ ಉಲ್ಲೇಖವಿದೆಯೇ ಎಂದು ನೋಡಿ ‘ಎಫ್’ ಯಾವುದೆಂದು ಊಹಿಸುವ ಕೋಡನ್ನು ಕರ್ನಲ್‌ನಲ್ಲಿ ಬರೆದಿದ್ದಾರೆ. ಕಂಪನಿಗಳ ಐಡಿಯಲ್ಲೂ ಇದೇ ಪಾಡು. ಒಂದು ಬೈಟ್‌ಗೆ ಹಿಡಿಸದಷ್ಟು ಕಂಪನಿಗಳಾದಾಗ ಜೆಡೆಕ್ ಹೊಸ ಸಾಲುಗಳನ್ನು ತೆರೆದು, ಐಡಿಗೆ ಮೊದಲು 7ಎಫ್ ಎಂಬ ಮುಂದುವರಿಕೆ ಬೈಟ್ ಸೇರಿಸುವ ನಿಯಮ ಮಾಡಿತು. ಹಲವು ಚಿಪ್‌ಗಳು ಅದನ್ನು ಹೇಳುವುದೇ ಇಲ್ಲ. ಎಸ್‌ಟಿಯ 20 ಎಂಬ ಗುರುತನ್ನೇ ಎಕ್ಸ್‌ಎಂಸಿ ಎಂಬ ಬೇರೆ ಕಂಪನಿಯ ಚಿಪ್‌ಗಳೂ ಹೇಳುವುದು ಹಾಗಾಗಿಯೇ.

2020ರಲ್ಲಿ ಆ ದೊಡ್ಡ ಕೋಷ್ಟಕವನ್ನು ಒಡೆದು ಕಂಪನಿಗೊಂದು ಕಡತ ಮಾಡಿದರು. 2022ರಲ್ಲಿ, ಕೋಷ್ಟಕದಲ್ಲಿ ಹೆಸರೇ ಇಲ್ಲದ ಚಿಪ್ಪನ್ನೂ ಎಸ್‌ಎಫ್‌ಡಿಪಿ ಪಟ್ಟಿ ನೋಡಿ ನಡೆಸುವ ಸಾಮಾನ್ಯ ಡ್ರೈವರ್ ಬಂತು. ಹೊಸ ಚಿಪ್‌ಗೆ ಸಾಲು ಸೇರಿಸಲು ಬಂದವರಿಗೆ ಈಗಿನ ಮೊದಲ ಪ್ರಶ್ನೆ ಇದೇ: ಸಾಲೇ ಇಲ್ಲದೆ ನಡೆಯುವುದಿಲ್ಲವೇ? ನಡೆಯದಿದ್ದರೆ ಯಾವುದಕ್ಕೆ ನಡೆಯುವುದಿಲ್ಲ? ಎಸ್‌ಎಫ್‌ಡಿಪಿಯ ಬೈಟ್‌ಗಳನ್ನು ಇದ್ದ ಹಾಗೇ ತೆಗೆದು ಬೈಟ್‌ಗಳು ಕೆಟ್ಟಿಲ್ಲವೆಂದು ಪರೀಕ್ಷಿಸುವ ಚೆಕ್‌ಸಮ್ ಜೊತೆ ಕಳಿಸಿ. ಚಿಪ್ಪನ್ನು ಅಳಿಸಿ, ಓದಿ, ಎಲ್ಲವೂ ಎಫ್‌ಎಫ್ (ಎಲ್ಲ ಬಿಟ್‌ಗಳೂ 1) ಆಗಿದೆಯೇ ನೋಡಿ. ಯಾದೃಚ್ಛಿಕ ದತ್ತಾಂಶ ಬರೆದು ಮತ್ತೆ ಓದಿ ಹೋಲಿಸಿ, ಫಲಿತಾಂಶ ತೋರಿಸಿ. ಡೇಟಾಶೀಟ್ ನೋಡಿ ಬರೆದೆ, ಚಿಪ್ ಕೈಯಲ್ಲಿಲ್ಲ ಎನ್ನುವ ಪ್ಯಾಚ್ ಒಳಗೆ ಹೋಗುವುದು ಕಷ್ಟ. ಹಾಗಿರುವುದೇ ಸರಿ. ಒಮ್ಮೆ ಒಳಹೋದ ಸಾಲನ್ನು ತೆಗೆಯುವುದು ಸುಲಭವಲ್ಲ. ಅದನ್ನು ನಂಬಿದ ಬೋರ್ಡ್‌ಗಳು ಎಲ್ಲೆಲ್ಲಿ ಓಡುತ್ತಿವೆಯೋ ಯಾರಿಗೂ ಲೆಕ್ಕ ಸಿಗದು.

ಸಾಮಾನ್ಯ ಡ್ರೈವರ್‌ನಿಂದಲೂ ಆಗದ ಒಂದು ಕೆಲಸ ಬ್ಲಾಕ್‌ಗಳ ಬರಹರಕ್ಷಣೆ. ಬೂಟ್‌ಲೋಡರ್ ಇರುವ ಭಾಗ ಅಪ್ಪಿತಪ್ಪಿ ಅಳಿಯದಂತೆ ಬೀಗ ಹಾಕುವ ಬಿಟ್‌ಗಳು ಮೂರೋ ನಾಲ್ಕೋ, ರಕ್ಷಣೆ ಮೇಲಿನಿಂದಲೋ ಕೆಳಗಿನಿಂದಲೋ ಎಂಬುದು ಎಸ್‌ಎಫ್‌ಡಿಪಿಯ ಮೂಲ ಪಟ್ಟಿಯಲ್ಲಿ ಇಲ್ಲ. ಅದು ಬೇಕಾದವರು ಇವತ್ತಿಗೂ ಡೇಟಾಶೀಟ್ ತೆರೆದು, ಆ ಬಿಟ್‌ಗಳನ್ನು ಒಂದೊಂದಾಗಿ ಹಾಕಿ ತೆಗೆದು, ಎಲ್ಲಿಯವರೆಗೆ ಬರಹ ತಡೆಯುತ್ತದೆ ಎಂದು ನೋಡಿಯೇ ಕೋಷ್ಟಕಕ್ಕೆ ಸಾಲು ಸೇರಿಸಬೇಕು.