ಅಹವಾಲಿನಿಂದ ಹಕ್ಕಿನವರೆಗೆ: ಮೈಸೂರು ಸಂಸ್ಥಾನದ ಅರವತ್ತಾರು ವರ್ಷ

ಹಳೆಯ ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬರುವ ಕೆಂಪು ಬಸ್ಸು ಮದ್ದೂರನ್ನು ಸಮೀಪಿಸುವಾಗ ಶಿವಪುರದ ಸತ್ಯಾಗ್ರಹ ಸೌಧ ಕಣ್ಣಿಗೆ ಬೀಳುತ್ತದೆ. ಬಹಳಷ್ಟು ಪ್ರಯಾಣಿಕರು ಅದನ್ನು ಗಮನಿಸುವುದಿಲ್ಲ; ಅಷ್ಟು ಹೊತ್ತಿಗೆ ಅವರ ಮನಸ್ಸು ಮದ್ದೂರು ವಡೆಯ ಕಡೆ ಹರಿದಿರುತ್ತದೆ. ದಶಪಥ ಹಿಡಿದವರಂತೂ ಊರೊಳಗೆ ಇಳಿಯುವುದೇ ಇಲ್ಲ. 1938ರ ಏಪ್ರಿಲ್‌ನಲ್ಲಿ ಇಲ್ಲಿ ಬಾವುಟ ಹಾರಿಸಿದ್ದಕ್ಕೆ ಜನ ಜೈಲಿಗೆ ಹೋದರು ಎಂಬುದು ನಮ್ಮ ಶಾಲಾ ಪಾಠದಲ್ಲಿದೆ. ಆದರೆ ಆ ಹೊತ್ತಿಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿ 57 ವರ್ಷ ಕಳೆದಿತ್ತು ಎಂಬುದನ್ನು ಆ ಪಾಠದ ಪಕ್ಕದಲ್ಲಿಟ್ಟು ಯಾರೂ ಹೇಳಿಕೊಡಲಿಲ್ಲ. ಸಭೆ ಇತ್ತು, ಸಭೆ ಸೇರುವ ಹಕ್ಕು ಇರಲಿಲ್ಲ. ಮೈಸೂರಿನ ಪ್ರಜಾಸತ್ತೆಯ ಕಥೆ ಈ ಅಂತರದಲ್ಲೇ ಇದೆ.

ಐವತ್ತು ವರ್ಷಗಳ ಕಮಿಷನರ್ ಆಡಳಿತದ ನಂತರ 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಅದೇ ವರ್ಷ ದಸರಾ ಸಮಯದಲ್ಲಿ ದಿವಾನ್ ರಂಗಾಚಾರ್ಲು ಅವರು ಕರೆದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದಿದ್ದರು. ತಾಲ್ಲೂಕುಗಳಿಂದ ಆರಿಸಿ ಕಳುಹಿಸಿದ ಅನುಕೂಲಸ್ಥ ಭೂಹಿಡುವಳಿದಾರರೂ ವರ್ತಕರೂ ಅವರಲ್ಲಿದ್ದರು. ದಿವಾನರು ವರ್ಷದ ಆಡಳಿತ ವರದಿ ಓದುವರು. ಸದಸ್ಯರು ಎದ್ದು ಕೆರೆಯ ಹೂಳು, ಕಂದಾಯದ ಭಾರ, ಕಾಡಿನ ಕಾವಲುಗಾರನ ಕಿರುಕುಳ ಇಂಥವನ್ನು ಅರಿಕೆ ಮಾಡಿಕೊಳ್ಳುವರು. ‘ಅರಿಕೆ’ ಎಂಬ ಪದವೇ ಆ ಸಭೆಯ ಸ್ವರೂಪವನ್ನು ತಿಳಿಸುತ್ತದೆ: ಹೇಳಬಹುದಿತ್ತು, ಕೇಳಿಸಿಕೊಳ್ಳಲೇಬೇಕೆಂಬ ಕಟ್ಟಳೆ ಸರ್ಕಾರಕ್ಕಿರಲಿಲ್ಲ. ಹಾಗಿದ್ದರೂ ಆ ಕಾಲದ ಭಾರತದಲ್ಲಿ ಅದು ಸಣ್ಣ ಸಂಗತಿಯಲ್ಲ. ಕಾಂಗ್ರೆಸ್ ಹುಟ್ಟಿದ್ದೇ ಅದಾದ ನಾಲ್ಕು ವರ್ಷಕ್ಕೆ.

1907ರಲ್ಲಿ ಶಾಸನಗಳನ್ನು ಚರ್ಚಿಸಲು ನ್ಯಾಯವಿಧಾಯಕ ಸಭೆ ಬಂತು. ಮರುವರ್ಷವೇ, ಅದೇ ದಿವಾನ್ ವಿ.ಪಿ. ಮಾಧವರಾವ್ ಅವರ ಅಧಿಕಾರಾವಧಿಯಲ್ಲಿ, ಪತ್ರಿಕೆಗಳನ್ನು ಹದ್ದುಬಸ್ತಿನಲ್ಲಿಡುವ ವೃತ್ತಪತ್ರಿಕಾ ಕಾನೂನೂ ಬಂತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಿತು. ಸರ್ಕಾರದ ಅಪ್ಪಣೆಯ ಮೇಲೆ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ಮೈಸೂರಿನ ‘ತಾತಯ್ಯ’ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ಮುಚ್ಚಿದರು. ಸಂಸ್ಥಾನಕ್ಕೆ ‘ಮಾದರಿ’ ಎಂಬ ಬಿರುದು ಅಂಟಿಕೊಂಡದ್ದೂ ಇದೇ ದಶಕಗಳಲ್ಲಿ. ವಿದ್ಯುತ್ತು, ಅಣೆಕಟ್ಟು, ವಿಶ್ವವಿದ್ಯಾಲಯ ಎಲ್ಲವೂ ನಿಜ, ಅವುಗಳ ಫಲ ಉಂಡವರು ನಾವು. ಆದರೆ ಆ ಬಿರುದಿನ ಬೆಳಕಿನಲ್ಲಿ ಈ ಕಾನೂನು ಕಾಣದೇ ಹೋಯಿತು.

ಅಧಿಕಾರದಲ್ಲಿ ಪಾಲು ಯಾರಿಗೆ ಎಂಬ ಪ್ರಶ್ನೆ ಬೇರೆ ದಾರಿಯಿಂದ ಬಂತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದೆ ಎಂಬ ದೂರಿನ ಮೇಲೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹಿಂದುಳಿದವರಿಗೆ ಉದ್ಯೋಗದಲ್ಲಿ ಆದ್ಯತೆ ನೀಡುವ ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಸಂಸ್ಥೆಗಳ ಸುಧಾರಣೆ ಎಂದರೆ ಕುರ್ಚಿಗಳ ಸಂಖ್ಯೆಯಷ್ಟೇ ಅಲ್ಲ, ಕೂರುವವರು ಯಾರೆಂಬುದೂ ಹೌದು ಎಂಬ ತಿಳಿವಳಿಕೆ ನನ್ನ ಮಟ್ಟಿಗೆ ಆ ಕಾಲದ ಮೈಸೂರಿನ ದೊಡ್ಡ ಗಳಿಕೆ. 1923ರ ಸುಧಾರಣೆಗಳು ಎರಡೂ ಸಭೆಗಳಿಗೆ ಕಾನೂನಿನ ಬುನಾದಿ ಹಾಕಿದವಾದರೂ ಮತ ಹಾಕುವ ಭಾಗ್ಯ ಕಂದಾಯ ಕಟ್ಟುವಷ್ಟು ಆಸ್ತಿಯಿದ್ದವರಿಗೆ, ಓದಿದವರಿಗೆ ಮಾತ್ರ ಉಳಿಯಿತು. ಮಂಡ್ಯದ ಬಯಲಿನ ರೈತರು ಇರ್ವಿನ್ ನಾಲೆಯ ಬಾಬ್ತಿನ ಕರಭಾರದ ವಿರುದ್ಧ ತಮ್ಮ ಮಾತನ್ನು ಕೇಳಿಸಲು 1930ರ ದಶಕದ ಆರಂಭದಲ್ಲಿ ಬೀದಿಗಿಳಿಯಬೇಕಾಯಿತು.

ಹೀಗಾಗಿ 1938ರ ಶಿವಪುರ ಅಕಸ್ಮಾತ್ತಾಗಿ ಆದದ್ದಲ್ಲ. (ಆಗಿನ್ನೂ ಮಂಡ್ಯ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು ಮರುವರ್ಷ.) ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಶಿಂಷಾ ನದಿಯ ಬಳಿಯ ಹೊಲದಲ್ಲಿ ಸಾವಿರಾರು ಜನ ಸೇರಿದರು. ಧ್ವಜಾರೋಹಣಕ್ಕೆ ನಿಷೇಧಾಜ್ಞೆಯಿತ್ತು. ಏಪ್ರಿಲ್ 11ರಂದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಬಾವುಟ ಏರಿಸಿ ಬಂಧಿತರಾದರು. ಎರಡು ವಾರದೊಳಗೆ, 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರ. ಜನರ ಲೆಕ್ಕ ಮೂವತ್ತನ್ನು ದಾಟಿತು. ವಿಚಾರಣೆಗೆ ನ್ಯಾಯಮೂರ್ತಿ ರಾಮೇಶಂ ಅವರ ಸಮಿತಿ ನೇಮಕವಾಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದ ಮೇಲೆ ಗಂಡಭೇರುಂಡದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಸಾವಿರಾರು ಪುಟಗಳ ನಡಾವಳಿ ತಾರದಿದ್ದ ಬದಲಾವಣೆಯನ್ನು ಒಂದು ಬಾವುಟದ ಕೋಲು ತಂದಿತು ಎಂದರೆ ಉತ್ಪ್ರೇಕ್ಷೆಯಾದೀತು, ಪೂರ್ತಿ ಸುಳ್ಳಲ್ಲ.

1940ರ ಕಾಯಿದೆ ಸಭೆಗಳನ್ನು ಹಿಗ್ಗಿಸಿತು, ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲವನ್ನು, ಕೊಡಲಿಲ್ಲ. 1947ರ ಆಗಸ್ಟ್‌ನಲ್ಲಿ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತಾದರೂ ದಿವಾನ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ಎರಡು ವಾರಕ್ಕೆ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಆ ಸೆಪ್ಟೆಂಬರಿನಲ್ಲೇ ಮೈಸೂರು ನಗರದಲ್ಲಿ ತ್ರಿವರ್ಣ ಧ್ವಜ ಹಿಡಿದ ವಿದ್ಯಾರ್ಥಿ ರಾಮಸ್ವಾಮಿ ಗುಂಡೇಟಿಗೆ ಬಲಿಯಾದ. ಸ್ವತಂತ್ರ ಭಾರತದಲ್ಲಿ, ಭಾರತದ್ದೇ ಬಾವುಟಕ್ಕಾಗಿ! ಇಂದು ರಾಮಸ್ವಾಮಿ ವೃತ್ತದಲ್ಲಿ ಆಟೋ ಹತ್ತಿ ‘ಸರ್ಕಲ್‌ಗೆ ಬಿಡಪ್ಪ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಆ ಹುಡುಗ ಯಾರೆಂದು ಗೊತ್ತಿಲ್ಲ.

ಅಕ್ಟೋಬರಿನಲ್ಲಿ ಅರಮನೆ ಒಪ್ಪಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ಹಿಡಿಯಿತು. ಸಂಸ್ಥಾನಕ್ಕೆ ಪ್ರತ್ಯೇಕ ಸಂವಿಧಾನ ಬರೆಯಲು ಹೊರಟಿದ್ದ ಯೋಜನೆಯನ್ನು ಬಿಟ್ಟು, 1949ರ ನವೆಂಬರ್ 25ರ ಘೋಷಣೆಯಲ್ಲಿ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನೇ ಒಪ್ಪಿಕೊಂಡರು. ಮಾತಾಡುವ, ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯ 19ನೆಯ ವಿಧಿಯಾಗಿ ಇಲ್ಲಿಗೂ ಬಂತು. ನಿಷೇಧಾಜ್ಞೆ ಮಾತ್ರ ಹೋಗಲಿಲ್ಲ. ಕಾವೇರಿ ನೀರಿನ ಗಲಾಟೆಯಾದಾಗಲೆಲ್ಲ ಮಂಡ್ಯದಲ್ಲಿ ಅದು ಜಾರಿಯಾಗುತ್ತದೆ. 2024ರ ಜುಲೈನಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದರ ಸೆಕ್ಷನ್ ಸಂಖ್ಯೆ 144ರ ಬದಲು 163 ಆಗಿದ್ದರೂ, ಪೊಲೀಸ್ ವ್ಯಾನು ನಿಂತದ್ದನ್ನು ಕಂಡ ಅಂಗಡಿಯವರು ಬಾಗಿಲೆಳೆಯುತ್ತಾ ಇನ್ನೂ ‘ನೂರಾ ನಲವತ್ನಾಲ್ಕು ಹಾಕವ್ರೆ’ ಎಂದೇ ಹೇಳುತ್ತಾರೆ.