ಗೋಡುಮಣ್ಣಿನಲ್ಲಿ ಎಷ್ಟು ಸಾರಜನಕ?

ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಗಾಡಿ ಕಟ್ಟಿಕೊಂಡು ಹೋಗಿ, ಗೋಡು, ಅಂದರೆ ತಳದ ಹೂಳುಮಣ್ಣು ತುಂಬಿ ತಂದು ಹೊಲಕ್ಕೆ ಹರಡುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ. ಯೂರಿಯಾ ಚೀಲ ಊರಿಗೆ ಬರುವುದಕ್ಕೆ ಬಹಳ ಮೊದಲೇ ಆ ಕಪ್ಪು ಮಣ್ಣಿನ ಕಸುವು ರೈತನಿಗೆ ಗೊತ್ತಿತ್ತು. ಆ ಕಸುವಿನ ಒಂದು ದೊಡ್ಡ ಪಾಲು ಸಾರಜನಕ. ಕೊಳೆತ ಎಲೆ, ಸಗಣಿ, ಪಾಚಿ, ಸತ್ತ ಮೀನು ಎಲ್ಲವೂ ತಳ ಸೇರಿ ಅದನ್ನು ಅಲ್ಲಿ ಕೂಡಿಡುತ್ತವೆ. ಹೊಲಕ್ಕೆ ಗೊಬ್ಬರ ಸಿಗುತ್ತಿತ್ತು, ಕೆರೆಯ ಹೊಟ್ಟೆಯೂ ಹಗುರಾಗುತ್ತಿತ್ತು.

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಈ ಕೊಡುಕೊಳ್ಳುವಿಕೆ ನಿಂತುಹೋಯಿತು. ದಶಕಗಳ ಕಾಲ ನಗರದ ಕೊಳಚೆ ಒಳಗೆ ಬಂತು, ಗೋಡು ಹೊರಗೆ ಹೋಗಲಿಲ್ಲ. 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ, ನೊರೆ ರಸ್ತೆಗೆ ಹಾರಿದಾಗ ದೇಶವೇ ತಿರುಗಿ ನೋಡಿತು. ತಳದ ಕೆಸರಿನ ಮಾತೆತ್ತಿದವರು ಕೆಲವರೇ. ಅವರಲ್ಲಿ ವರ್ತೂರಿನ ಹೂಳಿನಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತವನ್ನು ಅಳೆದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದರು.

ಸಾರಜನಕವನ್ನು ಅಳೆಯುವ ರೂಢಿಯ ವಿಧಾನದ ಮೂಲ ಇರುವುದು ಒಂದು ಬಿಯರ್ ಕಾರ್ಖಾನೆಯಲ್ಲಿ. 1831ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಡ್ಯೂಮಾ ವಸ್ತುವನ್ನು ಸುಟ್ಟು, ಹೊರಬಂದ ಸಾರಜನಕ ಅನಿಲವನ್ನು ಅಳೆಯುವ ವಿಧಾನ ಕಂಡುಕೊಂಡಿದ್ದ. ಅದು ಬಹಳ ನಾಜೂಕಿನ ಕೆಲಸ, ದಿನವೂ ಹತ್ತಾರು ಮಾದರಿಗಳನ್ನು ಪರೀಕ್ಷಿಸುವವರಿಗೆ ಒಗ್ಗುವಂಥದ್ದಲ್ಲ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಯೋಹಾನ್ ಕೆಲ್ಡಾಲ್‌ಗೆ ಬಾರ್ಲಿಯ ಪ್ರೋಟೀನನ್ನು ಸುಲಭವಾಗಿ ಅಳೆಯಬೇಕಿತ್ತು. 1883ರಲ್ಲಿ ಅವನು ಪ್ರಕಟಿಸಿದ ವಿಧಾನ, ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ, ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.

ಕೆರೆಯ ಕೆಸರನ್ನು ಒಣಗಿಸಿ, ಅರೆದು, ಜರಡಿ ಹಿಡಿದು, ಒಂದು ಗ್ರಾಂ ತೂಗಿ ಉದ್ದ ಕತ್ತಿನ ಫ್ಲಾಸ್ಕಿಗೆ ಹಾಕುತ್ತಾರೆ. ಗಾಢ ಗಂಧಕಾಮ್ಲ, ಕುದಿಬಿಂದುವನ್ನು ಏರಿಸಲು ಪೊಟ್ಯಾಸಿಯಂ ಸಲ್ಫೇಟ್, ಚಿಟಿಕೆ ಮೈಲುತುತ್ತ ಸೇರಿಸಿ ಕುದಿಸುತ್ತಾರೆ. ಮೊದಲು ಎಲ್ಲವೂ ಇದ್ದಿಲಿನಂತೆ ಕಪ್ಪಾಗಿ ಬಿಳಿ ಹೊಗೆ ಏಳುತ್ತದೆ. ಗಂಟೆಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಮರಳಿನ ಮೇಲೆ ತಿಳಿ ಹಸಿರು ದ್ರವ ಉಳಿಯುತ್ತದೆ. ಜೀವಿಗಳಿಂದ ಬಂದ ಸಾರಜನಕ ಈಗ ಅಮೋನಿಯಂ ಆಗಿದೆ. ಕಾಸ್ಟಿಕ್ ಸೋಡಾ ಸುರಿದು ಭಟ್ಟಿ ಇಳಿಸಿದರೆ ಅಮೋನಿಯಾ ಆವಿಯೊಂದಿಗೆ ಹೊರಟು ಬೋರಿಕ್ ಆಮ್ಲದಲ್ಲಿ ಕರಗುತ್ತದೆ. ಗುಲಾಬಿ ಬಣ್ಣದ ಆಮ್ಲ ನೋಡನೋಡುತ್ತಲೇ ಹಸಿರಾಗುತ್ತದೆ. ಅದು ಮತ್ತೆ ಗುಲಾಬಿಯಾಗುವವರೆಗೆ ಬ್ಯೂರೆಟ್ಟಿನಿಂದ ದುರ್ಬಲ ಆಮ್ಲವನ್ನು ಹನಿಹನಿಯಾಗಿ ಬಿಡುತ್ತಾರೆ. 0.01 ನಾರ್ಮಲ್ ಸಾಂದ್ರತೆಯ ಆಮ್ಲದ ಪ್ರತಿ ಮಿಲಿಲೀಟರಿಗೆ 0.14 ಮಿಲಿಗ್ರಾಂ ಸಾರಜನಕ. 20 ಮಿಲಿಲೀಟರ್ ಹಿಡಿಯಿತೆಂದರೆ ಆ ಒಂದು ಗ್ರಾಂ ಮಣ್ಣಿನಲ್ಲಿ 2.8 ಮಿಲಿಗ್ರಾಂ, ಅಂದರೆ ಕಿಲೋಗೆ 2,800 ಮಿಲಿಗ್ರಾಂ.

ಈ ಸಂಖ್ಯೆ ಹೆಚ್ಚೋ ಕಡಿಮೆಯೋ? ಕೆನಡಾದ ಒಂಟಾರಿಯೊ ಪ್ರಾಂತ್ಯ 1993ರಲ್ಲಿ ಹೂಳಿಗೆಂದೇ ಮಾರ್ಗಸೂಚಿ ತಂದಿತು. ಕಿಲೋಗೆ 550 ಮಿಲಿಗ್ರಾಂ ದಾಟಿದರೆ ತಳದ ಜೀವಿಗಳಿಗೆ ತೊಂದರೆಯ ಆರಂಭ, 4,800 ದಾಟಿದರೆ ತೀವ್ರ ಹಾನಿ ಎನ್ನುತ್ತದೆ ಅದು. ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಜಲಮೂಲಗಳನ್ನು 'ಎ'ಯಿಂದ 'ಇ'ವರೆಗೆ ವರ್ಗೀಕರಿಸುತ್ತದೆ. ಮೀನು ಸಾಕಣೆಗೆ ತಕ್ಕ 'ಡಿ' ವರ್ಗದಲ್ಲಿ ಮುಕ್ತ ಅಮೋನಿಯಾ ಲೀಟರಿಗೆ 1.2 ಮಿಲಿಗ್ರಾಂ ಮೀರಬಾರದು. ಇದೆಲ್ಲ ನೀರಿನ ಲೆಕ್ಕ. ಈ ವರ್ಗೀಕರಣದಲ್ಲಿ ಹೂಳಿಗೆ ಜಾಗವೇ ಇಲ್ಲ. ನೀರಿನ ಬಾಟಲಿ ಆ ದಿನದ ಸುದ್ದಿ ಹೇಳುತ್ತದೆ, ಒಂದು ಮಳೆ ಬಂದರೆ ಅದೂ ಬದಲಾಗುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಕೂಡಿಕೊಂಡ ಅಮೋನಿಯಂ ಮಾತ್ರ, ಕೊಳಚೆ ನಿಂತ ಮೇಲೂ ವರ್ಷಗಟ್ಟಲೆ ನೀರಿಗೆ ಊರುತ್ತಲೇ ಇರುತ್ತದೆ. ಹೂಳನ್ನು ಅಳೆಯದೆ ಕೆರೆ ಶುದ್ಧವಾಯಿತೆಂದು ಘೋಷಿಸುವುದನ್ನು ನಾನು ಒಪ್ಪಲಾರೆ.

ಕೆಲ್ಡಾಲನ ವಿಧಾನಕ್ಕೂ ಮಿತಿಗಳಿವೆ. ನೈಟ್ರೇಟ್ ಅದರ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಬೇರೆಯಾಗಿಯೇ ಅಳೆಯಬೇಕು. ಸಾರಜನಕ ಯಾವ ವಸ್ತುವಿನಿಂದ ಬಂತೆಂಬುದನ್ನೂ ಅದು ಹೇಳದು. 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕ ಹೇರಳವಾಗಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದವರು ಪ್ರೋಟೀನ್ ಹೆಚ್ಚಿದೆಯೆಂದು ತೋರಿಸಿದ್ದು ಇದೇ ದೌರ್ಬಲ್ಯದಿಂದ. ಎಳೆಯ ಕಂದಮ್ಮಗಳು ಅದಕ್ಕೆ ಬಲಿಯಾದರು. ಹೂಳಿನ ವಿಷಯದಲ್ಲಿ ಇಂಗಾಲದ ಲೆಕ್ಕ ನೆರವಿಗೆ ಬರುತ್ತದೆ. ಇಂಗಾಲ ಸಾರಜನಕದ ಹತ್ತು ಪಟ್ಟಿಗಿಂತ ಕಡಿಮೆ ಇದ್ದರೆ ಪಾಚಿಯ ಮೇಲೆ ಅನುಮಾನ, ಇಪ್ಪತ್ತು ಪಟ್ಟು ದಾಟಿದರೆ ನೆಲದ ಗಿಡಮರಗಳ ಮೇಲೆ. ಮಾದರಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಾರದಿದ್ದರೆ ಸೂಕ್ಷ್ಮಜೀವಿಗಳು ದಾರಿಯಲ್ಲೇ ಸಾರಜನಕದ ರೂಪ ಬದಲಿಸಿಬಿಡುತ್ತವೆ. ಆಮೇಲೆ ಎಷ್ಟು ಒಳ್ಳೆಯ ಯಂತ್ರವಿದ್ದರೂ ವ್ಯರ್ಥ.

ಈಚಿನ ವರ್ಷಗಳಲ್ಲಿ ಬೆಳ್ಳಂದೂರಿನಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ಎತ್ತಿದ ಹೂಳನ್ನು ಹಳೆಯ ಗೋಡಿನಂತೆ ನಂಬಿ ಹೊಲಕ್ಕೆ ಹಾಕುವಂತಿಲ್ಲ. ನಗರದ ಕೊಳಚೆಯೊಂದಿಗೆ ಸೀಸ, ಕ್ಯಾಡ್ಮಿಯಂಗಳೂ ಬಂದು ಕೂತಿರಬಹುದಾದ್ದರಿಂದ ಸಾರಜನಕದ ಜೊತೆ ಅವುಗಳ ಪರೀಕ್ಷೆಯೂ ಆಗಬೇಕು. ಇನ್ನೊಂದು ಕೆಲಸವಿದೆ. ಹೂಳೆತ್ತಿದ ಮೇಲೆ ಬಯಲಾದ ಹೊಸ ತಳದಿಂದ, ನೀರು ತುಂಬುವ ಮೊದಲೇ, ನಾಲ್ಕಾರು ಕಡೆ ಒಂದೊಂದು ಹಿಡಿ ಮಣ್ಣು ತೆಗೆದು ಅಳೆದು, ಆ ಅಂಕಿಗಳನ್ನು ಕೆರೆಯ ದಂಡೆಯ ಫಲಕದ ಮೇಲೆ ಬರೆದು ನಿಲ್ಲಿಸಬೇಕು. ಹತ್ತು ವರ್ಷದ ಮೇಲೆ ಮಣ್ಣು ಅಗೆದು ನೋಡುವವರಿಗೆ ಹೋಲಿಸಲು ಬೇಕಾಗುವುದು ಆ ಅಂಕಿಗಳೇ.