ಒಬ್ಬಂಟಿ ಅನ್ನೋ ಹೆಸರಿನ ನಾಲ್ಕು ದಿನ

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳಾದ ಡಕೋಟಾ ಜನರ ಹೆಂಗಸರು ಮೈನೆರೆದ ಹುಡುಗಿಯರನ್ನು ನಾಲ್ಕು ದಿನ ಬೇರೆ ಇರಿಸುವ ಹಳೇ ಪದ್ಧತಿಯನ್ನು ಮತ್ತೆ ಶುರು ಮಾಡಿದ್ದಾರಂತೆ. ‘ಹೊರಗೆ ಕೂರೋದು’ ಬಿಡಿಸೋಕೆ ನಾವಿಲ್ಲಿ ಒದ್ದಾಡುತ್ತಿದ್ದೇವೆ. ಅವರು ಮಾಡುತ್ತಿರೋದು ಹಿಂದಕ್ಕೆ ಹೋದ ಹಾಗಲ್ವಾ?

ಉತ್ತರ: ಮೊದಲ ಸಲ ಓದಿದಾಗ ನನಗೂ ಹಾಗೇ ಅನ್ನಿಸಿತ್ತು. ಹೆಸರು ಕೇಳಿದರೇ ಅನುಮಾನ ಬರುತ್ತದೆ: ಇಷ್ನಾತಿ. ಅವರ ಮಾತಿನಲ್ಲಿ ‘ಇಷ್ನಾ’ ಅಂದರೆ ಒಬ್ಬಂಟಿ, ‘ತಿ’ ಅಂದರೆ ವಾಸ. ಸಿನಿಮಾಗಳಲ್ಲಿ ಕಾಣುವ ಚೂಪು ಗುಡಾರ ‘ತಿಪಿ’ ಇದೆಯಲ್ಲ, ಅದರಲ್ಲಿರುವುದೂ ಇದೇ ‘ತಿ’.

ಆದರೆ ಡಕೋಟಾ ಹೆಂಗಸರು ಇದನ್ನು ಬೇಡವೆಂದು ಬಿಟ್ಟವರಲ್ಲ. ಬೇರೆಯವರು ಬಿಡಿಸಿದ್ದು. 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಕುಣಿತ, ಔತಣ, ಆಚರಣೆಗಳನ್ನು ಅಪರಾಧವೆಂದು ಪಟ್ಟಿ ಮಾಡಿತು. ಮಾಡಿದವರಿಗೆ ರೇಷನ್ ಕಟ್, ಇಲ್ಲವೇ ಜೈಲು. ಅದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇರಿಸಿದ ವಸತಿ ಶಾಲೆಗಳು.

ಜಿತ್ಕಾಲಾ ಶಾ ಎಂಬ ಡಕೋಟಾ ಲೇಖಕಿ 1876ರಲ್ಲಿ ಈಗಿನ ದಕ್ಷಿಣ ಡಕೋಟಾ ರಾಜ್ಯದ ಯಾಂಕ್ಟನ್ ಎಂಬಲ್ಲಿ, ಮೂಲನಿವಾಸಿಗಳಿಗೆ ಮೀಸಲಾದ ಪ್ರದೇಶದಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೆ ದೂರದ ಇಂಡಿಯಾನಾದ ಶಾಲೆಗೆ ಹೋದರು. ಅಲ್ಲಿ ಕೂದಲು ಕತ್ತರಿಸುತ್ತಾರೆಂದು ಗೊತ್ತಾದಾಗ ಮಂಚದ ಕೆಳಗೆ ಅವಿತುಕೊಂಡರಂತೆ. ಹುಡುಕಿ, ಎಳೆದು ತಂದು, ಕುರ್ಚಿಗೆ ಕಟ್ಟಿ, ಜಡೆ ಕತ್ತರಿಸಿದರು. ಅವರ ಜನರಲ್ಲಿ ಕೂದಲು ಮೊಟಕು ಮಾಡಿಕೊಳ್ಳುವವರು ಸಾವಾದ ಮನೆಯವರು. ಜಡೆ ಕಳೆದುಕೊಂಡ ಯೋಧ ಅಂದರೆ ಶತ್ರುವಿನ ಕೈಗೆ ಸಿಕ್ಕಿಬಿದ್ದ ಹೇಡಿ. ಎಂಟು ವರ್ಷದ ಮಗುವಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು.

ಈಗ ಲೆಕ್ಕ ಹಾಕಿ. ಹುಡುಗಿ ಮೈನೆರೆಯೋದು ಹನ್ನೆರಡು, ಹದಿಮೂರಕ್ಕೆ. ಆ ಹೊತ್ತಿಗೆ ಅವಳು ಅಜ್ಜಿಯಿಂದ ನೂರಾರು ಮೈಲಿ ದೂರದ ಹಾಸ್ಟೆಲಿನಲ್ಲಿದ್ದಾಳೆ. ಒಂದು ತಲೆಮಾರಿನ ಹುಡುಗಿಯರಿಗೆ ಇಷ್ನಾತಿ ತಪ್ಪಿದರೆ, ಮುಂದಿನವರಿಗೆ ಮಾಡಿಸಲು ಬಲ್ಲವರೇ ಕಡಿಮೆಯಾಗುತ್ತಾರೆ. ಮೂಲನಿವಾಸಿಗಳ ಧಾರ್ಮಿಕ ಸ್ವಾತಂತ್ರ್ಯಕ್ಕೆಂದೇ ಒಂದು ಕಾಯ್ದೆ ಬಂದದ್ದು 1978ರಲ್ಲಿ!

1994ರಲ್ಲಿ ಯಾಂಕ್ಟನ್‌ನ ಅಜ್ಜಿಯರು ‘ಬ್ರೇವ್ ಹಾರ್ಟ್ ಸೊಸೈಟಿ’ ಎಂಬ ಹೆಂಗಸರ ಹಳೇ ಕೂಟಕ್ಕೆ ಮತ್ತೆ ಜೀವ ಕೊಟ್ಟರು. ಹಿಂದೆ ಈ ಕೂಟದವರು ಯುದ್ಧಭೂಮಿಗೆ ಹೋಗಿ ಸತ್ತವರನ್ನು, ಗಾಯಗೊಂಡವರನ್ನು ಹೊತ್ತು ತರುತ್ತಿದ್ದರು. ಹೊಸ ಕೂಟದ ಮುಂದಾಳುಗಳಲ್ಲಿ ಫೇತ್ ಸ್ಪಾಟೆಡ್ ಈಗಲ್ ಒಬ್ಬರು. (2016ರ ಅಧ್ಯಕ್ಷ ಚುನಾವಣೆಯಲ್ಲಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳಲ್ಲಿ (ಎಲೆಕ್ಟರ್) ಒಬ್ಬರು ತಮ್ಮ ಮತವನ್ನು ಈ ಅಜ್ಜಿಗೆ ಹಾಕಿಬಿಟ್ಟಿದ್ದರು. ಇವರು ಸ್ಪರ್ಧೆಯಲ್ಲೇ ಇರಲಿಲ್ಲ!) ಈ ಕೂಟವೇ ಇಷ್ನಾತಿಯನ್ನು ಮತ್ತೆ ಆರಂಭಿಸಿತು.

ಅಲ್ಲಿ ನಡೆಯೋದು ಹೀಗೆ. ಹುಡುಗಿಯರೇ ಸೇರಿ ತಿಪಿ ನಿಲ್ಲಿಸುತ್ತಾರೆ. ಗಿಡಮೂಲಿಕೆ ಕಿತ್ತು ತರುತ್ತಾರೆ, ಹೊಲಿಗೆ ಕಲಿಯುತ್ತಾರೆ. ಅಜ್ಜಿಯರು ಮೈ, ಮುಟ್ಟು, ಗಂಡು-ಹೆಣ್ಣಿನ ವಿಷಯ ಎಲ್ಲ ಮಾತಾಡುತ್ತಾರೆ. ನಾಲ್ಕು ದಿನ ಹುಡುಗಿ ಊಟವನ್ನು ತನ್ನ ಕೈಯಿಂದ ಮುಟ್ಟುವ ಹಾಗಿಲ್ಲ. ‘ನೋಡಿ, ಮೈಲಿಗೆ ಬಂತು’ ಅಂದುಕೊಳ್ಳಬೇಡಿ. ಅವಳಿಗೆ ತಾಯಿ, ಚಿಕ್ಕಮ್ಮ, ಅಜ್ಜಿ ತುತ್ತು ಮಾಡಿ ಬಾಯಿಗಿಡುತ್ತಾರೆ. ಅವಳು ಮಗುವಾಗಿರುವ ಕೊನೆಯ ದಿನಗಳು ಅವು. ಕೊನೆಗೆ ತಾಯಿಯೇ ಮೀಯಿಸುತ್ತಾಳೆ. ಅಂದಹಾಗೆ, ಆ ಜನ ಶುದ್ಧಿಗೆ ಬಳಸುವ ಬಯಲುಸೀಮೆಯ ಸೇಜ್ ಗಿಡ ನಮ್ಮ ದವನದ ಕುಲದ್ದೇ.

ಮುಟ್ಟಾದಾಗ ದೂರ ಇರುವುದಕ್ಕೆ ಅವರ ಹಿರಿಯರು ಕೊಡುವ ಕಾರಣ ಕೊಳೆಯದ್ದಲ್ಲ, ಶಕ್ತಿಯದ್ದು. ಆ ಹೊತ್ತಿನ ಹೆಣ್ಣಿನ ಶಕ್ತಿ ಬೇರೆ ಆಚರಣೆಗಳ ಶಕ್ತಿಯನ್ನೂ ಮೀರುವಷ್ಟು ಜೋರು ಅನ್ನುತ್ತಾರೆ. ನಿಜ ಹೇಳಬೇಕೆಂದರೆ, ಈ ವಾದ ಒಂದರಿಂದಲೇ ನಾನು ಒಪ್ಪುತ್ತಿರಲಿಲ್ಲ. ‘ಶಕ್ತಿ’ ಅಂತ ಹೇಳಿ ಮೂಲೆಗೆ ಕೂರಿಸೋದು ನಮಗೂ ಗೊತ್ತಿಲ್ಲದ್ದಲ್ಲ. ನನ್ನ ಮನಸ್ಸು ಬದಲಾಗಿದ್ದು ಆ ತುತ್ತಿನಿಂದ. ಹೆಸರಿಗೆ ಒಬ್ಬಂಟಿ. ಆದರೆ ಆ ನಾಲ್ಕು ದಿನ ಹುಡುಗಿ ಒಬ್ಬಳೇ ಇರೋದೇ ಇಲ್ಲ. ನಮ್ಮಲ್ಲಿ ಹೊರಗೆ ಕೂತವಳಿಗೆ ತಟ್ಟೆಯನ್ನು ದೂರದಿಂದ ತಳ್ಳುತ್ತಾರೆ, ಅಲ್ವಾ?

ಹೆಂಗಸರೇ ಹುಡುಗಿಯರಿಗೆ ಕಲಿಸಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಭಾಷೆ. ಡಕೋಟಾದಲ್ಲಿ ಗಂಡಸರ ಮಾತು, ಹೆಂಗಸರ ಮಾತು ಕೆಲವು ಕಡೆ ಬೇರೆ ಬೇರೆ. ‘ಹೌದು’ ಅನ್ನೋಕೆ ಗಂಡಸು ‘ಹೌ’ ಅಂದರೆ ಹೆಂಗಸು ‘ಹಾಂ’ ಅನ್ನುತ್ತಾಳೆ, ಹೆಚ್ಚುಕಡಿಮೆ ನಮ್ಮ ‘ಹಾಂ’ ಥರಾನೇ. ಹಳೇ ಹಾಲಿವುಡ್ ಸಿನಿಮಾಗಳು ಲೋಕಕ್ಕೆಲ್ಲ ಕಲಿಸಿದ್ದು ‘ಹೌ’ ಒಂದನ್ನೇ. ‘ಹಾಂ’ ಕಲಿಯಬೇಕಾದರೆ ಹುಡುಗಿ ಅಜ್ಜಿಯ ಹತ್ತಿರವೇ ಕೂರಬೇಕು.